ದಂಡೆಯ ಕರೆಂಟು

ಸತ್ತವರ ಬಗ್ಗೆ ಸುಳ್ಳು ಹೇಳುವುದಕ್ಕೆಂದೇ ನಮ್ಮ ಸೊಸೈಟಿಯಲ್ಲಿ ಒಂದು ಹಾಲ್ ಇದೆ. ಯೋಗ ಕ್ಲಾಸು, ಹುಟ್ಟುಹಬ್ಬ, ಕಮಿಟಿಯ ಜಗಳ ಎಲ್ಲವೂ ನಡೆಯುವುದು ಅಲ್ಲೇ. ಕಳೆದ ಭಾನುವಾರ ಅಲ್ಲಿ ಕಾಕಾರ ಶೋಕಸಭೆ ಇತ್ತು. ಫೋಟೋಕ್ಕೆ ಹಾರ, ಹಾರದ ಸುತ್ತ ಮಿಣಮಿಣ ಎನ್ನುವ ಅಗ್ಗದ ದೀಪದ ಸರ. ಆ ಸರದ ತುದಿಯ ಬೋಳು ತಂತಿಗಳನ್ನು ಯಾರೋ ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿದ್ದರು. ಕಾಕಾ ನೋಡಿದ್ದರೆ ಫೋಟೋದಿಂದ ಇಳಿದು ಬಂದು, "ಯಾವ ಕತ್ತಿಮಗ ಹಚ್ಚ್ಯಾನ ಇದನ್ನ?" ಎಂದು ಕಿತ್ತೆಸೆಯುತ್ತಿದ್ದರು.

ಸೆಕ್ರೆಟರಿ ಮೈಕ್ ಹಿಡಿದ. "ಬಹುತ್ ಶಾಂತ್ ಆದ್ಮೀ ಥೇ, ಕಿಸೀಸೇ ಝಗಡಾ ನಹೀಂ" ಎಂದ. ನನಗೆ ನಗು ಬಂತು. ಈ ನಾಲ್ಕು ಮಹಡಿಗಳಲ್ಲಿ ಕಾಕಾ ಜಗಳವಾಡದ ಒಂದು ಬಾಗಿಲಿದ್ದರೆ ತೋರಿಸಲಿ. ಆಮೇಲೆ ಅವನು ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಪಾಪ, ಅಷ್ಟು ಕಷ್ಟಪಟ್ಟು ಗಾಡಿ ಕಟ್ಟಿದರು, ಆ ಗಾಡಿ ಕೊನೆಗೂ ಎಲ್ಲಿಗೂ ಹೋಗಲೇ ಇಲ್ಲ, ಎಲ್ಲಾ ಕಿಸ್ಮತ್ ಎಂದ. ಮುಂದಿನ ಸಾಲಿನವರು ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿಯಿತು. ಚಹಾ ಕುಡಿಯದೆ ಎದ್ದು ಬಂದೆ.

ಕಾಕಾ ನನಗೆ ಸಂಬಂಧಿಕರಲ್ಲ. ಮುಂಬೈ ವಡಾಲದ ಈ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಎರಡೇ, ಅವರದು ಮತ್ತು ನಮ್ಮದು, ಎದುರುಬದುರು ಬಾಗಿಲು. ಅವರು ಬೆಳಗಾವಿ ಕಡೆಯವರು, ನಾನು ಧಾರವಾಡದಿಂದ ಮದುವೆಯಾಗಿ ಬಂದವಳು. ಬಂದ ಹೊಸತರಲ್ಲಿ ಒಂದು ದಿನ, ಗೋಡೆಯ ನೀರು ನಿಮ್ಮ ಕಡೆಯಿಂದ ಇಳಿಯುತ್ತಿದೆಯೋ ಎಂದು ಕೇಳಲು ಒಳಗೆ ಬಂದವರು, ಗೋಡೆ ನೋಡುವ ಮೊದಲು ನನ್ನ ಫ್ರಿಜ್ಜಿಗೆ ಕೈಯ ಹಿಂಬದಿ ಮುಟ್ಟಿಸಿದರು.

"ಏ ತಂಗಿ, ನಿನ್ನ ಫ್ರಿಜ್ ಝುಮು ಅನ್ನಾಕತ್ತೇತಿ. ಯಾರರ ಹೇಳ್ಯಾರೇನು?"

ಯಾರೂ ಹೇಳಿರಲಿಲ್ಲ. ಬಾಗಿಲು ತೆಗೆದಾಗಲೆಲ್ಲ ಬೆರಳಿಗೆ ಚುಂಯ್ ಎನ್ನುತ್ತಿದ್ದದ್ದು ಮುಂಬೈ ಹವೆಯ ಗುಣವೆಂದು ನಾನು ತಿಳಿದಿದ್ದೆ. ಅವರು ಬೈಯುತ್ತಲೇ ಅದನ್ನು ಸರಿಮಾಡಿ ಹೋದರು. ಗೋಡೆಯ ವಿಷಯ ಇಬ್ಬರಿಗೂ ಮರೆತೇಹೋಯಿತು.

ಆ ಕೈಯ ಹಿಂಬದಿ ಅವರ ಗುರುತು. ಲೋಹದ ಯಾವುದನ್ನೂ ಅವರು ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಗೇಟು, ಲಿಫ್ಟಿನ ಜಾಲರಿ, ಹಿಟ್ಟಿನ ಗಿರಣಿಯ ಯಂತ್ರ, ಎಲ್ಲದಕ್ಕೂ ಮೊದಲು ಕೈಯ ಹಿಂಬದಿ. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳನ್ನು ಮುದುಡಿಸಿ ಹಿಡಿದುಬಿಡುತ್ತದೆ, ಹಿಂಬದಿ ಮುಟ್ಟಿದರೆ ಕೈ ತಾನಾಗಿ ಹಿಂದೆ ಜಿಗಿಯುತ್ತದೆ ಎಂದು ವಿವರಿಸುತ್ತಿದ್ದರು. ಅವರ ಹೆಂಡತಿ ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಲಗ್ನದಾಗ ನನ್ನ ಕೈ ಹಿಡಿಯೂ ಮುಂದನೂ ಹಂಗ ಮುಟ್ಟಿ ನೋಡ್ಯಾರ ಇವರು. ಭಟ್ಟರು ಗಾಬರಿ ಆಗಿದ್ರು" ಎನ್ನುತ್ತಿದ್ದರು.

ಕಾಕಾ ದುಡಿದದ್ದು ಬಂದರಿನ ಎಲೆಕ್ಟ್ರಿಕ್ ವರ್ಕ್‌ಶಾಪಿನಲ್ಲಿ. ದಂಡೆಗೆ ಬಂದು ನಿಂತ ಹಡಗಿಗೆ ಕರೆಂಟು ಕೊಡುವುದು ಅವರ ಕೆಲಸ. "ಹಡಗ ದಂಡಿಗೆ ಹತ್ತಿತಂದ್ರ ಅದರ ಎಂಜಿನ್ ಬಂದ್. ಆಮ್ಯಾಲ ದೀಪಾ, ಫ್ಯಾನು, ಅಡಗಿ, ಎಲ್ಲಾ ನಮ್ಮ ಕರೆಂಟ್. ಕೊಡೂ ಮುಂದ ಆಕಡಿ ವಾಯರ್ ಈಕಡಿ ಆತು, ಇಡೀ ಹಡಗ ಕಚ್ಚತೇತಿ" ಎನ್ನುತ್ತಿದ್ದರು. ಆ ಕೆಲಸ ಅವರಿಗೆ ಕಲಿಸಿದ್ದು ಒಂದೇ, ಯಾರನ್ನೂ ನಂಬದಿರುವುದು. "ಹೇಳಬ್ಯಾಡ, ತೋರಸು" ಎಂಬುದು ಅವರ ಮಾತು. ತರಕಾರಿಯವನು ತಾಜಾ ಎಂದರೆ ತೋರಸು. ಡಾಕ್ಟರು ರಿಪೋರ್ಟ್ ಚೆನ್ನಾಗಿದೆ ಎಂದರೆ ತೋರಸು. ನಾನು ನಿಮ್ಮ ಮನೆ ಹೋಳಿಗೆ ಚೆನ್ನಾಗಿತ್ತು ಎಂದರೂ ಡಬ್ಬಿ ಖಾಲಿಯಾಗಿದೆಯೇ ಎಂದು ತೆಗೆದು ನೋಡುತ್ತಿದ್ದರು.

ಹೀಗಿದ್ದ ಮನುಷ್ಯನನ್ನು ಬಿಲ್ಡಿಂಗಿನವರು ಪ್ರೀತಿಸಬೇಕೆಂದು ನಾನೂ ಹೇಳುವುದಿಲ್ಲ. ಒಮ್ಮೆ ಎರಡನೆಯ ಮಹಡಿಯಲ್ಲಿ ಸತ್ಯನಾರಾಯಣ ಪೂಜೆ. ಆರತಿಯ ಹೊತ್ತಿಗೆ ಇವರು ಹೋದರು, ಬೆಂಕಿಕಡ್ಡಿ ಸಿಕ್ಕಿಸಿದ ಇಂಥದೇ ಸಾಕೆಟ್ ನೋಡಿದರು, ಯಾರನ್ನೂ ಕೇಳದೆ ಮೇನ್ ಸ್ವಿಚ್ ಇಳಿಸಿಬಿಟ್ಟರು. ಕತ್ತಲಲ್ಲಿ ಪ್ರಸಾದದ ತಪ್ಪಲೆ ಉರುಳಿತು. ಸರಿಯಾದದ್ದನ್ನು ಸಿಹಿಯಾಗಿ ಹೇಳುವುದು ಅವರಿಗೆ ಹುಟ್ಟಿನಿಂದಲೇ ಬರಲಿಲ್ಲ. ಆ ಪೂಜೆ ಸೆಕ್ರೆಟರಿಯ ಮನೆಯದಾಗಿತ್ತು.

ಕಾಕು ಅವರ ತದ್ವಿರುದ್ಧ. ಮೆತ್ತಗಿನ ಹೆಂಗಸು, ಯಾರು ಏನು ಹೇಳಿದರೂ ಹೌದೆನ್ನುವವರು. ಮಕ್ಕಳಿರಲಿಲ್ಲ. ಅವರ ಲೋಕವೆಂದರೆ ಗಂಡ ಮತ್ತು ಬೈಲಹೊಂಗಲದಲ್ಲಿದ್ದ ತಂಗಿ. ಕೆಲವು ವರ್ಷದ ಹಿಂದೆ ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂತು. ಮನೆಗೆ ಆಕ್ಸಿಜನ್ ಯಂತ್ರ ಬಂತು. ಸಣ್ಣ ಬೀರುವಿನಷ್ಟಿದ್ದ ಅದು ದಿನವಿಡೀ ಗುಂಯ್‌ಗುಡುತ್ತಿತ್ತು. ಗಾಳಿ ಒಣಗದಿರಲೆಂದು ಅದಕ್ಕೊಂದು ನೀರಿನ ಬಾಟಲಿ, ಅದರಲ್ಲಿ ಸದಾ ಗುಳುಗುಳು. ಬಾಟಲಿಯಿಂದ ಹೊರಟ ನಳಿಕೆ ಕಾಕುವಿನ ಮೂಗಿಗೆ. ಯಂತ್ರ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಅವರ ತುಟಿ ನೀಲಿಯಾಗುತ್ತಿತ್ತು.

ಅದೇ ಹೊತ್ತಿಗೆ ಬೈಲಹೊಂಗಲದ ತಂಗಿ ಬಿದ್ದು ಸೊಂಟ ಮುರಿದುಕೊಂಡರು. ಅವರು ಇಲ್ಲಿಗೆ ಬರುವಂತಿಲ್ಲ, ಇವರು ಅಲ್ಲಿಗೆ ಹೋಗುವಂತಿಲ್ಲ. ದಿನವೂ ಫೋನ್. ನಾಲ್ಕು ಮಾತಿಗೆ ಕಾಕುವಿನ ಉಸಿರು ಮುಗಿಯುತ್ತಿತ್ತು, ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡು ಕೂತಿರುತ್ತಿದ್ದರು. "ಒಮ್ಮೆ ಅಕಿ ಮಾರಿ ನೋಡಿ ಬರಬೇಕಿತ್ತು" ಎಂದು ಕಾಕು ನನಗೆ ಎಷ್ಟು ಸಲ ಹೇಳಿದರೋ. ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಯಂತ್ರ ಅವರಿಗೆ ಸಾಲದು ಎಂದು ಡಾಕ್ಟರು ಹೇಳಿದ್ದರು. ಆಂಬ್ಯುಲೆನ್ಸಿಗೆ ಕಾಕುವೇ ಒಪ್ಪಲಿಲ್ಲ. "ಮನಿ ಮುಂದ ಆಂಬ್ಯುಲೆನ್ಸ್ ನಿಂತ್ರ ಅಕಿ ಎದಿ ಒಡಕೊಂಡು ಸಾಯ್ತಾಳ. ನಾ ಕುಂತು, ಕಿಡಕಿ ಹೊರಗ ನೋಡಕೋತ ಹೋಗಬೇಕು" ಎಂದರು.

ಹಾಗೆ ಕಾಕಾ ದಹಿಸರದಲ್ಲಿ ಒಂದು ಹಳೆಯ ಸ್ಕೂಲ್ ವ್ಯಾನ್ ಹುಡುಕಿದರು. ಅಲ್ಲಿಯ ಶೆಡ್ಡೊಂದರಲ್ಲಿ ಅದರ ಬೆಂಚುಗಳನ್ನು ಕೀಳಿಸಿ, ಒಳಗೊಂದು ಮಂಚ, ಕಿಟಕಿಯ ಪಕ್ಕ ಕಾಕುವಿಗೆ ಒರಗುವ ಕುರ್ಚಿ, ಕುರ್ಚಿಯ ಬುಡದಲ್ಲಿ ಯಂತ್ರ ಅಲುಗದಂತೆ ಕೂರುವ ಚೌಕಟ್ಟು ಮಾಡಿಸಿದರು. ಮಂಚದ ಕೆಳಗೆ ಬ್ಯಾಟರಿಗಳು. ವೈರಿಂಗಿಗೆ ಮಾತ್ರ ಯಾರನ್ನೂ ಮುಟ್ಟಗೊಡಲಿಲ್ಲ. ಬೆಳಿಗ್ಗೆ ಲೋಕಲ್ ಹಿಡಿದು ಹೋದವರು ಸಂಜೆ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದರು.

ಆ ಗಾಡಿಯ ಜೀವ ಒಂದು ಕಬ್ಬಿಣದ ಪೆಟ್ಟಿಗೆ, ಇನ್ವರ್ಟರ್ ಚಾರ್ಜರ್. ಅದಕ್ಕೆ ಎರಡು ಕೆಲಸ. ಗಾಡಿ ನಿಂತಿದ್ದಾಗ ಹೊರಗಿನ ಸಾಕೆಟ್ಟಿನಿಂದ ಕರೆಂಟು ತೆಗೆದುಕೊಂಡು ಯಂತ್ರವನ್ನೂ ಓಡಿಸಬೇಕು, ಬ್ಯಾಟರಿಯನ್ನೂ ತುಂಬಿಸಬೇಕು. ಪ್ಲಗ್ ಕಿತ್ತ ಕ್ಷಣ, ಯಂತ್ರಕ್ಕೆ ಗೊತ್ತಾಗದಂತೆ, ಬ್ಯಾಟರಿಯಿಂದ ಕರೆಂಟು ಮಾಡಿ ಕೊಡಬೇಕು. "ಗಾಡಿ ಅಂದ್ರ ಹಡಗ ತಂಗಿ. ಸೊಸೈಟಿ ಸಾಕೆಟ್ ಅಂದ್ರ ದಂಡಿ. ಅಲ್ಲೆ ನಿನ್ನ ಕಾಕೂನ ತಂಗಿ ಮನ್ಯಾಗ ಮತ್ತೊಂದ ದಂಡಿ. ನಡುವ ಅಕಿ ಉಸರು ಹರೀಬಾರದು, ಅಷ್ಟ" ಎಂದರು. ಅಷ್ಟು ಮೃದುವಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಗಾಡಿ ಕಂಪೌಂಡಿಗೆ ಬಂತು. ಪಂಪ್ ರೂಮಿನ ಹೊರಗಿದ್ದ ಸಾಕೆಟ್ಟಿಗೆ ಪ್ಲಗ್ ಹಾಕಿದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ. ಸೊಸೈಟಿಯ ಸಾಕೆಟ್ಟಿಗೆ ಅರ್ಥಿಂಗೇ ಇರಲಿಲ್ಲ. ಕರೆಂಟು ದಾರಿ ತಪ್ಪಿದಾಗ ಅದನ್ನು ನೆಲಕ್ಕಿಳಿಸುವ ತಂತಿ ಎಂದೋ ಸವೆದು ಹೋಗಿತ್ತು. ಕಾಕಾ ಕಮಿಟಿಗೆ ಹೇಳಿದರು, ಒಂದು ಗುಂಡಿ ತೋಡಬೇಕು, ಇದ್ದಿಲು ಉಪ್ಪು ಹಾಕಿ ಪೈಪ್ ಹೂಳಬೇಕು, ನಾನೇ ಮಾಡುತ್ತೇನೆ. ಆದರೆ ಕಂಪೌಂಡಿಗೆ ಆಗಷ್ಟೇ ಹೊಸ ಪೇವರ್ ಬ್ಲಾಕ್ ಹಾಸಿದ್ದರು. ಕೆಂಪು, ಬೂದು, ಕೆಂಪು, ಬೂದು. ಅದನ್ನು ಅಗೆಯುವುದೇ? ಸೆಕ್ರೆಟರಿ ನಕ್ಕು, ನಮ್ಮ ಮನುಷ್ಯ ಬಂದು ಮಾಡುತ್ತಾನೆ, ಟೆನ್ಶನ್ ಬೇಡ ಎಂದ. ಅವನ ಮನುಷ್ಯ ಬಂದ, ಸ್ವಲ್ಪ ಹೊತ್ತು ಏನೋ ಮಾಡಿದ, ಸಾಕೆಟ್ಟಿನ ಹಿಂದಿನ ವೈರಿಂಗ್ ಡಬ್ಬಿಗೆ ಬೀಗ ಹಾಕಿದ, ಹೋದ. ಕೆಂಪು ದೀಪ ಆರಿತ್ತು.

ಕಾಕಾ ತಮ್ಮ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದರು. ಉರಿಯಿತು, ಅಂದರೆ ಅರ್ಥಿಂಗ್ ಇದೆ. ಆದರೂ ಡಬ್ಬಿಯ ಕೀಲಿ ಕೇಳಿದರು. ಸೆಕ್ರೆಟರಿ ಕೊಡಲಿಲ್ಲ. ಸೊಸೈಟಿ ಪ್ರಾಪರ್ಟಿ, ಎಲ್ಲರ ಮೇಲೂ ಶಕ್ ಮಾಡಬೇಡಿ ಕಾಕಾ ಎಂದ. ಅವರು ಮತ್ತೆ ಜಗಳಕ್ಕೆ ನಿಲ್ಲುತ್ತಿದ್ದರು, ಮೇಲೆ ಕಿಟಕಿಯಲ್ಲಿ ಕಾಕು ಕೈಮುಗಿದು, "ಸಾಕ್ರೀ, ಒಂದರ ಸಲ ನಂಬ್ರೀ ಮಂದೀನ" ಎಂದರು. ಕಾಕಾ ಸುಮ್ಮನಾದರು. ನನಗೆ ತಿಳಿದಂತೆ ಅವರು ತೋರಸು ಎನ್ನದೆ ಇನ್ನೊಬ್ಬರ ಮಾತು ನಂಬಿದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನ ಕಾಕುವನ್ನು ಲಿಫ್ಟಿನಲ್ಲಿ ಇಳಿಸಿ ಗಾಡಿಯ ಕುರ್ಚಿಯಲ್ಲಿ ಕೂರಿಸಿದೆವು. ಯಂತ್ರ ಸೊಸೈಟಿಯ ಕರೆಂಟಿನಲ್ಲಿ ಗುಂಯ್‌ಗುಡುತ್ತಿತ್ತು. ಕಾಕಾ ಹೊರಗೆ ನಿಂತು, ನಮಗೆಲ್ಲ ತೋರಿಸಿ, ಪ್ಲಗ್ ಕಿತ್ತರು. ಕಾಕು ಉಸಿರು ಬಿಗಿಹಿಡಿದಿದ್ದರು. ಬಾಟಲಿಯ ಗುಳುಗುಳು ನಿಲ್ಲಲಿಲ್ಲ.

"ನಿಂತಿಲ್ಲಲ್ರೀ!" ಎಂದು ಚಿಕ್ಕ ಹುಡುಗಿಯಂತೆ ನಕ್ಕರು. ಅಲ್ಲಿಂದಲೇ ತಂಗಿಗೆ ಫೋನ್ ಹಚ್ಚಿಸಿದರು. "ಗಣಪತಿ ಕಳಿಸಿ ಹೊಂಡತೀವಿ. ಜ್ವಾಳದ ರೊಟ್ಟಿ ಬಡದಿಡು. ಸೊಂಟಾ ಮುರದ್ರೇನಾತು, ಕೈ ಮುರದಿಲ್ಲಲ್ಲ" ಎಂದರು. ಕಾಕಾ ಮುಖ ಆಚೆ ತಿರುಗಿಸಿಕೊಂಡು ಕೇಬಲ್ ಸುತ್ತುತ್ತಿದ್ದರು.

ಆಮೇಲೆ ಗಣಪತಿ ಬಂದ. ಮಂಟಪದ ಬಿದಿರು ನೆಡಲು ಅದೇ ಪೇವರ್ ಬ್ಲಾಕುಗಳನ್ನು ಎಂಟು ಕಡೆ ಎಬ್ಬಿಸಿದರು, ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಲೈಟಿಂಗಿನವರು ಪಂಪ್ ರೂಮಿನಿಂದ ಕರೆಂಟು ಎಳೆದುಕೊಂಡರು. ಎಳೆಯುವಾಗ ಗಾಡಿಯ ಸಾಕೆಟ್ಟಿಗೂ ಹೋಗುವ ಎರಡು ತಂತಿ ಅದಲುಬದಲಾಯಿತು. ಮಂಟಪದ ದೀಪಕ್ಕೆ ಅದರಿಂದ ಏನೂ ಆಗುವುದಿಲ್ಲ, ಯಾವ ಕಡೆಯಿಂದ ಬಂದರೂ ಉರಿಯುತ್ತದೆ. ಬೆಳಿಗ್ಗೆ ಕಾರು ತೊಳೆಯುವವನು ಬಂದು, ಒದ್ದೆ ನೆಲದ ಮೇಲೆ ನಿಂತು, ಒದ್ದೆ ಬಟ್ಟೆಯಿಂದ, ಪ್ಲಗ್ ಹಾಕಿಟ್ಟಿದ್ದ ಕಾಕಾರ ಗಾಡಿ ಮುಟ್ಟಿದ. ಚೀರಿ ಹಿಂದಕ್ಕೆ ಬಿದ್ದ. ಪುಣ್ಯಕ್ಕೆ ಮೊಣಕೈ ಒಡೆದದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಕಾಕಾ ಬನಿಯನ್ನಿನಲ್ಲೇ ಓಡಿ ಬಂದು ಮೇನ್ ಇಳಿಸಿದರು. ಸುತ್ತಿಗೆ ತಂದು ಬೀಗ ಒಡೆದರು. ಡಬ್ಬಿಯೊಳಗೆ ಬೆರಳುದ್ದದ ಒಂದು ತಂತಿಯ ತುಂಡು ಇತ್ತು. ಸೆಕ್ರೆಟರಿಯ ಮನುಷ್ಯ ಅರ್ಥಿಂಗ್ ಮಾಡಿರಲೇ ಇಲ್ಲ. ಅರ್ಥಿಂಗಿನ ಜಾಗಕ್ಕೆ, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿಯಿಂದ ಒಂದು ತುಂಡು ಸುತ್ತಿ, ಕೆಂಪು ದೀಪಕ್ಕೆ ಮೋಸ ಮಾಡಿ ಹೋಗಿದ್ದ. ಟೆಸ್ಟ್ ಲ್ಯಾಂಪಿಗೂ ಅದೇ ಮೋಸ. ತಂತಿಗಳು ಅದಲುಬದಲಾದ ಮೇಲೆ ನೆಲಕ್ಕಿಳಿಸಬೇಕಾದ ದಾರಿಯಲ್ಲೇ ಕರೆಂಟು ನುಗ್ಗಿ ನೇರವಾಗಿ ಗಾಡಿಯ ಮೈಗೆ ಬಂದಿತ್ತು. ಕರೆಂಟು ಸೋರಿದರೆ ತಾನೇ ಬಂದಾಗಲೆಂದು ಕಾಕಾ ಗಾಡಿಯೊಳಗೆ ಹಾಕಿದ್ದ ಕಾವಲಿನ ಸ್ವಿಚ್ಚಿಗೆ ಈ ದಾರಿ ಕಾಣುವುದೇ ಇಲ್ಲ.

"ನೋಡ್ರಿ! ದೇಖೋ ಯೇ!" ಎಂದು ಆ ತುಂಡನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಓಡಾಡಿದರು. ಸೆಕ್ರೆಟರಿ ನೋಡಲಿಲ್ಲ. "ಕಾಕಾ, ಗಾಡೀ ಆಪ್‌ಕೀ, ಕರಂಟ್ ಆಪ್‌ಕೀ ಗಾಡೀ ಮೇಂ. ಬಾತ್ ಖತಮ್" ಎಂದ. ಗುಂಪು ಹೌದೆಂದಿತು. ಹಿಂದೆಂದೋ ಉರುಳಿದ ಪ್ರಸಾದದ ತಪ್ಪಲೆ ಅಂದು ಎಲ್ಲರಿಗೂ ನೆನಪಾಗಿರಬೇಕು. ಸಂಜೆಗೆ ಸಾಕೆಟ್ ಕಿತ್ತರು, ಗಾಡಿ ಗೇಟಿನ ಹೊರಗೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಕಾಕಾ ಸೋಲುತ್ತಿರಲಿಲ್ಲ. ದಹಿಸರದ ಶೆಡ್ಡಿಗೆ ಹೋಗಿ ಬ್ಯಾಟರಿ ತುಂಬಿಸಿಕೊಂಡು ಬಂದು ರಸ್ತೆಯಲ್ಲಿ ಗಾಡಿ ನಿಲ್ಲಿಸಿದರು. ಆದರೆ ಆ ಮಧ್ಯಾಹ್ನಗಳಲ್ಲಿ ಬಿಲ್ಡಿಂಗಿನ ಹೆಂಗಸರು ಒಬ್ಬೊಬ್ಬರಾಗಿ ಕಾಕುವಿನ ಮಂಚದ ಬಳಿ ಬಂದು ಕೂತು ಹೋಗಿದ್ದರು. ಪ್ರೀತಿಯಿಂದಲೇ. ಆ ಗಾಡಿ ಹತ್ತಬೇಡಿ, ಅವನು ಗಂಡಸು, ಕೊಡವಿಕೊಂಡು ಎದ್ದ, ನಿಮ್ಮಿಂದಾದೀತೇ ಎಂದು. ಯಾರು ಏನು ಹೇಳಿದರೂ ಹೌದೆನ್ನುವ ಕಾಕು ಅದಕ್ಕೂ ಹೌದೆಂದರು.

"ಮೂಗಿನಾಗ ನಳಿ, ನಳ್ಯಾಗ ಹಸಿ. ಹಸೀಗೆ ಕರೆಂಟ್ ಹಿಡೀತಂದ್ರ ಸೀದಾ ಎದೀಗೇ ಬರತೇತಿ ಯವ್ವಾ" ಎಂದು ನನ್ನ ಕೈ ಹಿಡಿದುಕೊಂಡರು.

ನಾನು ಕೆಳಗಿಳಿದು ಗಾಡಿ ಹತ್ತಿ ಕುರ್ಚಿಯಲ್ಲಿ ಕೂತು, ಕಿಟಕಿಯಿಂದ ಕೈ ಬೀಸಿ ಬಂದೆ. "ನಿನ್ನ ಮೂಗಿನಾಗ ನಳಿ ಇಲ್ಲಲ್ಲ ಯವ್ವಾ" ಎಂದರು ಕಾಕು.

ಮರುದಿನ ಕಾಕಾ ಏನು ಮಾಡಿದರು ಹೇಳಲೇ? ಹಾಡಹಗಲು, ರಸ್ತೆಯಲ್ಲಿ, ಚಪ್ಪಲಿ ಬಿಟ್ಟು ನಿಂತು ತಲೆಯ ಮೇಲೆ ಒಂದು ಬಕೀಟು ನೀರು ಸುರಿದುಕೊಂಡರು. ಒಳಗೆ ಯಂತ್ರ ಓಡುತ್ತಿತ್ತು. ಒದ್ದೆ ಮೈಯಲ್ಲಿ ಎರಡೂ ಅಂಗೈಗಳನ್ನು ಗಾಡಿಗೆ ಒತ್ತಿ, ಮೇಲೆ ಕಿಟಕಿಯತ್ತ ನೋಡುತ್ತ ನಿಂತರು. ಕೈಯ ಹಿಂಬದಿಯಲ್ಲ, ಪೂರ್ತಿ ಅಂಗೈ. ಬಿಲ್ಡಿಂಗಿನವರು ಬಾಲ್ಕನಿಗೆ ಬಂದು ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡರು, ನಕ್ಕರು. ಸೊಸೈಟಿಯ ಗ್ರೂಪಿನಲ್ಲಿ ಅದು ವಾರವಿಡೀ ಸುತ್ತಿತು. ಶೋಕಸಭೆಯಲ್ಲಿ ಕಣ್ಣೊರೆಸಿಕೊಂಡವರೂ ಇವರೇ.

ಕಾಕು ನನ್ನ ಹೆಗಲು ಹಿಡಿದು ಕಿಟಕಿಯಲ್ಲಿ ನಿಂತು ನೋಡಿದರು. "ಅವರಿಗೆ ಕರೆಂಟ್ ಏನೂ ಮಾಡಂಗಿಲ್ಲ ಬಿಡು. ಜಲಮೆಲ್ಲಾ ಅದರಾಗ ಕಳದ ಮೈ ಅದು" ಎಂದು ಬಂದು ಮಲಗಿದರು.

ಸಂಜೆ ಕಾಕಾ ನಮ್ಮ ಮನೆಗೆ ಬಂದು ಕೂತರು. ಬಾಗಿಲ ಚಿಲಕಕ್ಕೆ ಕೈಯ ಹಿಂಬದಿ ಮುಟ್ಟಿಸುವುದನ್ನೂ ಮರೆತಿದ್ದರು. "ಕರೆಂಟ್ ಇದ್ರ ತೋರಸಬಹುದು ತಂಗಿ. ಇಲ್ಲ ಅನ್ನೂದನ್ನ ಹೆಂಗ ತೋರಸಲಿ?" ಎಂದರು. ನಾನು ಚಹಾ ಮಾಡಿಕೊಟ್ಟೆ.

ಸಂಕ್ರಾಂತಿಯ ಹೊತ್ತಿಗೆ ಕಾಕು ಹೋದರು. ತಂಗಿಯ ಮುಖ ನೋಡಲಿಲ್ಲ. ಅಂದು ಕಾಕಾ ಅವರ ಹಣೆಗೆ ರೂಢಿಯಂತೆ ಕೈಯ ಹಿಂಬದಿ ಇಟ್ಟರು, ಆಮೇಲೆ ಕೈ ತಿರುಗಿಸಿ ಅಂಗೈ ಇಟ್ಟು ಹಾಗೇ ಕೂತರು. ಯಂತ್ರ ಇನ್ನೂ ಓಡುತ್ತಿತ್ತು. ಅದನ್ನು ನಾನು ಬಂದ್ ಮಾಡಲು ಹೋದರೆ, "ಇರಲಿ" ಎಂದರು.

ಆಮೇಲೆ ಅವರು ಯಾರೊಂದಿಗೂ ಜಗಳವಾಡಲಿಲ್ಲ. ಬೋಳು ತಂತಿ ಕಂಡರೂ ಸುಮ್ಮನೆ ದಾಟಿ ಹೋಗುತ್ತಿದ್ದರು. ಸೆಕ್ರೆಟರಿಗೆ ಗೊತ್ತಿರುವ ಶಾಂತ ಮನುಷ್ಯ ಈ ಮನುಷ್ಯ. ಕಾಕುವಿನ ದಿನಕರ್ಮ ಮುಗಿದ ಮೇಲೆ ಕೆಲವು ದಿನ ಅವರೂ ಕಾಣಲಿಲ್ಲ, ಗಾಡಿಯೂ ಕಾಣಲಿಲ್ಲ. ಬಂದ ಮೇಲೆ ಕೇಳಿದರೆ, ದಹಿಸರಕ್ಕೆ ಸರ್ವಿಸಿಂಗಿಗೆ ಒಯ್ದಿದ್ದೆ ಎಂದರು. ನಾನು ನಂಬಿದೆ. ಈ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಶೋಕಸಭೆಯಿಂದ ಎದ್ದು ಬಂದ ಆ ಸಂಜೆ ಬೈಲಹೊಂಗಲದಿಂದ ಫೋನ್ ಬಂತು, ಕಾಕುವಿನ ತಂಗಿ, ಕಾಕಾರನ್ನು ಮಾಮಾ ಎನ್ನುವವರು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಸೆಕ್ರೆಟರಿ ಆಡಿದ್ದನ್ನು ಅವರೆದುರು ಕಕ್ಕಿಬಿಟ್ಟೆ. ಗಾಡಿ ಎಲ್ಲಿಗೂ ಹೋಗಲಿಲ್ಲವಂತೆ, ಕಿಸ್ಮತ್ತಂತೆ ಎಂದೆ.

 "ಇಲ್ಲೆ ಬಂದಿತ್ತಲ್ರೀ ಗಾಡಿ. ಮಾಮಾ ನಿಮಗ ಹೇಳಿಲ್ಲೇನು?" ಎಂದರು.

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಅಕ್ಕ ತೀರಿದ ಮ್ಯಾಲ ಬಂದಿದ್ರು, ಒಬ್ಬರ. ಸಂಜೀಮುಂದ ಅಂಗಳದಾಗ ಗಾಡಿ ನಿಲ್ಲಿಸಿದ್ರು. ನಾ ವಾಕರ್ ಹಿಡಕೊಂಡು ಹೊರಗ ಬಂದ್ನಿ. ಬಾಗಲಾ ತಗದ್ರು ನೋಡ್ರಿ, ಒಳಗ ಅಕ್ಕನ ಮಿಷನ್ ಗುಂಯ್ ಅನ್ನಾಕತ್ತಿತ್ತು. ಬಾಟ್ಲ್ಯಾಗ ನೀರು ಗುಳುಗುಳು. ನಳೀನ ಖಾಲಿ ಕುರ್ಚೀ ಮ್ಯಾಲ ಹಾಕಿದ್ರು. ಏನ್ ಮಾಮಾ ಇದು ಅಂದೆ. ವಡಾಲಾದಿಂದ ಇಲ್ಲೀತನ ಒಂದ ಸಲಾನೂ ನಿಂತಿಲ್ಲ, ತೋರಸಾಕ ಬಂದೀನಿ ಅಂದ್ರು. ನಾ ಆ ನಳಿ ತಗೊಂಡು ಗಲ್ಲಕ್ಕ ಹಿಡದ್ನಿ. ತಣ್ಣಗ ಗಾಳಿ ಬರತಿತ್ರೀ. ಆಮ್ಯಾಲ ಮಾಮಾ ತಾವ ಮಿಷನ್ ಬಂದ್ ಮಾಡಿದ್ರು."